ಗಾಡಿ ಗುದ್ದಿದ್ದು ಪ್ರವಾಸಿ, ಸಂಬಳ ಕಟ್ ಆಗಿದ್ದು ಜಿಪ್‌ಲೈನ್ ಹುಡುಗನಿಗೆ: ಕುಶಾಲನಗರ ಹತ್ತಿರದ ಒಂದು ಪ್ರಕರಣ

2025ರ ಡಿಸೆಂಬರ್ ತಿಂಗಳ ಸಂಬಳ 13,000 ರೂಪಾಯಿ. ಕೈಗೆ ಬಂದಿದ್ದು 7,450. ನಡುವೆ ಮಾಯವಾದ 5,550 ರೂಪಾಯಿ ಎಲ್ಲೆಲ್ಲಿ ಹೋಯಿತು, ಅದರಲ್ಲಿ ಯಾವುದು ಸರಿ, ಯಾವುದು ತಪ್ಪು ಅನ್ನೋದೇ ಈ ಪ್ರಕರಣ.

ಕುಶಾಲನಗರದಿಂದ ಸುಂಟಿಕೊಪ್ಪ ಕಡೆ ಹೋಗುವಾಗ ಹೆದ್ದಾರಿಯಿಂದ ಸ್ವಲ್ಪ ಒಳಗೆ, ಕಾಫಿ ತೋಟಗಳ ಮಧ್ಯೆ ಇರುವ ಒಂದು ಪಾರ್ಕು. ಹೆಸರು ಬೇಡ. ಜಿಪ್‌ಲೈನ್ (ಎತ್ತರದ ತಂತಿಗೆ ನೇತುಬಿದ್ದು ಆ ತುದಿಗೆ ಜಾರುವ ಆಟ), ರೋಪ್ ಆಟಗಳು, ಎಟಿವಿ ಬೈಕು (ಮಣ್ಣಿನ ದಾರಿಯಲ್ಲಿ ಓಡಿಸುವ ನಾಲ್ಕು ಚಕ್ರದ ಗಾಡಿ), ಮಕ್ಕಳಿಗೆ ನೀರಿನ ಆಟ, ಸಂಜೆ ರೇನ್ ಡ್ಯಾನ್ಸ್. ನಾನು ಇಲ್ಲಿ ಅಂಗಡಿಗಳಿಗೆ, ಹೋಂಸ್ಟೇಗಳಿಗೆ ಜಿಎಸ್‌ಟಿ, ಪಿಎಫ್ ಲೆಕ್ಕ ಬರೆಯುವವಳು. ಆ ಪಾರ್ಕಿನ ಲೆಕ್ಕ ನನ್ನ ಹತ್ತಿರ ಇಲ್ಲ. ಹುಡುಗ ನಮ್ಮ ಆಫೀಸಿಗೆ ಬಂದಿದ್ದು ಬೈಕ್ ಲೋನಿನ ಯಾವುದೋ ಕಾಗದಕ್ಕೆ. ಸಂಬಳದ ಚೀಟಿ ತೋರಿಸು ಅಂದರೆ, ಒಂದು ಹರಿದ ನೋಟ್‌ಬುಕ್ ಹಾಳೆ ತೆಗೆದು ಟೇಬಲ್ ಮೇಲಿಟ್ಟ. ಅದರಲ್ಲಿ ನೀಲಿ ಪೆನ್ನಿನಲ್ಲಿ ನಾಲ್ಕು ಸಾಲು: ಅಡ್ವಾನ್ಸ್ 2,000. ಎಟಿವಿ 2,500. ಲೇಟ್ 600. ಟೀ-ಶರ್ಟ್ 450. ಸಹಿ ಇಲ್ಲ, ಸೀಲ್ ಇಲ್ಲ, ತಿಂಗಳ ಹೆಸರೂ ಇಲ್ಲ.

ವಯಸ್ಸು ಇಪ್ಪತ್ಮೂರು. ಪಿಯುಸಿ ಆಗಿದೆ. ಅಮ್ಮ ತೋಟದಲ್ಲಿ ಕೆಲಸ ಮಾಡುತ್ತಾರೆ, ಮನೆ ಅಂದರೆ ತೋಟದ ಲೈನ್ ಮನೆ, ಕೆಲಸದವರಿಗೆ ಅಂತ ಸಾಲಾಗಿ ಕಟ್ಟಿರುವುದು. ಅಪ್ಪ ಇಲ್ಲ. ತೋಟದ ಕೆಲಸಕ್ಕೆ ಹೋಗಬಹುದಿತ್ತು, ಕುಯ್ಲಿನ ಟೈಮಲ್ಲಿ ಕೆ.ಜಿ. ಲೆಕ್ಕದಲ್ಲಿ ಹಣ್ಣು ಕುಯ್ದರೆ ಕೈಗೆ ಜಾಸ್ತಿನೇ ಸಿಗುತ್ತೆ. ಆದರೆ ಅಮ್ಮನಿಗೆ ಮಗ ಯೂನಿಫಾರಂ ಹಾಕಿಕೊಂಡು ಹೋಗುವ ಕೆಲಸದಲ್ಲಿ ಇರಬೇಕು ಅನ್ನೋ ಆಸೆ. ಅವನಿಗೂ ಆ ಕೆಲಸ ಇಷ್ಟ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಜಿಪ್‌ಲೈನ್ ಬಗ್ಗೆ ಮಾತಾಡಲು ಬಿಟ್ಟರೆ ನಿಲ್ಲಿಸುವುದೇ ಇಲ್ಲ.

ಅವನು ಕೆಲಸ ಮಾಡೋದು ನಾನು ನೋಡಿದ್ದೇನೆ. ಬೆಂಗಳೂರಿನಿಂದ ಬಂದ ನೆಂಟರ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಹಾರ್ನೆಸ್, ಅಂದರೆ ಸೊಂಟಕ್ಕೂ ಕಾಲಿಗೂ ಬಿಗಿಯುವ ಬೆಲ್ಟುಗಳು, ಹಾಕಿದ ಮೇಲೆ ಪ್ರತಿ ಕಾಲಿನ ಬೆಲ್ಟಿನ ಒಳಗೆ ಎರಡು ಬೆರಳು ತೂರಿಸಿ ನೋಡುತ್ತಾನೆ. ಮೂರು ಬೆರಳು ಹೋದರೆ ಬಿಚ್ಚಿ ಮತ್ತೆ ಬಿಗಿಯುತ್ತಾನೆ. ಕೊಂಡಿಯ ಲಾಕನ್ನು ತಿರುಗಿಸಿ, ಆಮೇಲೆ ಅದನ್ನು ಒತ್ತಿ ತೆರೆಯಲು ನೋಡುತ್ತಾನೆ. ತೆರೆಯದಿದ್ದರೆ ಮಾತ್ರ ಆ ತುದಿಯ ಹುಡುಗನಿಗೆ ಕೈ ಎತ್ತುತ್ತಾನೆ. ಅವತ್ತು ಒಬ್ಬರು ದಪ್ಪ ಮನುಷ್ಯರು ಬಂದರು, ಬೋರ್ಡಿನಲ್ಲಿ ಬರೆದ ತೂಕಕ್ಕಿಂತ ಜಾಸ್ತಿ ಇದ್ದಾರೆ ಅಂತ ನೋಡಿದರೇ ಗೊತ್ತಾಗುತ್ತಿತ್ತು. ತೂಕದ ಮಷೀನ್ ಹತ್ತಿ ಸಾರ್ ಅಂದ. ಅವರು ಹತ್ತಲಿಲ್ಲ, ದುಡ್ಡು ಕೊಟ್ಟಿದ್ದೀನಿ, ನೀನು ಯಾವನೋ ಹೇಳೋಕೆ ಅಂತ ಹತ್ತಾರು ಜನರ ಮುಂದೆ ಕೂಗಾಡಿದರು. ಇವನು ಕಳಿಸಲಿಲ್ಲ. ಕೌಂಟರಿನಲ್ಲಿ ದುಡ್ಡು ವಾಪಸ್ ಕೊಡ್ತಾರೆ ಸಾರ್ ಅಂತ ಅದೊಂದೇ ಮಾತು ಹೇಳುತ್ತಾ ನಿಂತ.

ಜವಾಬ್ದಾರಿ ಅಂದರೆ ನನ್ನ ಪ್ರಕಾರ ಇದು. ದಿನಕ್ಕೆ 500 ರೂಪಾಯಿ ಸಂಬಳದಲ್ಲಿ ಅವನು ಅದನ್ನು ಹೊರುತ್ತಿದ್ದಾನೆ. ಹಾಗಾಗಿ "ಈಗಿನ ಹುಡುಗರಿಗೆ ಜವಾಬ್ದಾರಿ ಇಲ್ಲ" ಅಂತ ಮ್ಯಾನೇಜರ್ ಹೇಳಿದಾಗ ನನಗೆ ಸಿಟ್ಟು ಬಂತು.

ಡಿಸೆಂಬರ್ 27, ಶನಿವಾರ. ಕ್ರಿಸ್ಮಸ್ ರಜೆಯ ವಾರಾಂತ್ಯ ಕೊಡಗಿನಲ್ಲಿ ಹೇಗಿರುತ್ತೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಕುಶಾಲನಗರದ ಪಕ್ಕದ ಕೊಪ್ಪದಿಂದಲೇ ಗಾಡಿ ಸಾಲು, ದುಬಾರೆ ಕಡೆ ಹೋಗುವ ರಸ್ತೆ ಜಾಮ್. ಪಾರ್ಕಿನಲ್ಲಿ ಎಟಿವಿ ನೋಡಿಕೊಳ್ಳುವ ಇಬ್ಬರು ಹುಡುಗರು ಬಂದಿರಲಿಲ್ಲ. ಜಿಪ್‌ಲೈನಿನಲ್ಲಿದ್ದ ಇವನನ್ನು ಮಧ್ಯಾಹ್ನ ಅಲ್ಲಿಗೆ ಹಾಕಿದರು. ಎಟಿವಿ ಟ್ರ್ಯಾಕಿನಲ್ಲಿ ಒಂದು ಸಲಕ್ಕೆ ನಾಲ್ಕೇ ಗಾಡಿ ಬಿಡಬೇಕು ಅಂತ ಪಾರ್ಕಿನದ್ದೇ ನಿಯಮ. ಆದರೆ ಕ್ಯೂ ಉದ್ದವಾಗುತ್ತಿತ್ತು. ಸ್ಟಾಫ್ ವಾಟ್ಸಾಪ್ ಗ್ರೂಪಿಗೆ ಮ್ಯಾನೇಜರ್ ಮೆಸೇಜ್ ಹಾಕಿದರು: ಆರಾರು ಬಿಡಿ, ಲೈನ್ ಬೇಗ ಖಾಲಿ ಮಾಡಿ. ಆರು ಬಿಟ್ಟ. ಅದರಲ್ಲಿ ಒಬ್ಬರು ಮುಂದಿನ ಗಾಡಿಯನ್ನು ಹಿಂದೆ ಹಾಕಲು ಹೋಗಿ ಸಿಲ್ವರ್ ಓಕ್ ಮರಕ್ಕೆ ಗುದ್ದಿದರು. ಅವರಿಗೆ ಏನೂ ಆಗಲಿಲ್ಲ, ಪುಣ್ಯ. ಮುಂದಿನ ಮಡ್‌ಗಾರ್ಡ್, ಹೆಡ್‌ಲೈಟ್, ಹ್ಯಾಂಡಲ್ ಹೋಯಿತು. ರಿಪೇರಿ 7,500 ರೂಪಾಯಿ ಅಂತ ಹೇಳಿ ಮೂರು ಕಂತಿನಲ್ಲಿ ಹುಡುಗನ ಸಂಬಳದಿಂದ ಹಿಡಿಯಲು ಶುರು ಮಾಡಿದರು. ಬಿಲ್ ತೋರಿಸಲಿಲ್ಲ.

ಪ್ರವಾಸಿಯಿಂದ ಯಾಕೆ ತಗೊಳ್ಳಲಿಲ್ಲ? ಅವರು ಗಲಾಟೆ ಮಾಡಿದರು, ರಿವ್ಯೂ ಹಾಕ್ತೀನಿ ಅಂದರು, ಹೊರಟರು. ಅಷ್ಟೇ.

ಇಲ್ಲಿ ಎರಡು ಕಾಗದ ನೋಡಬೇಕು. ಒಂದು, ಟಿಕೆಟ್ ಕೌಂಟರಿನಲ್ಲಿ ಪ್ರವಾಸಿಗರಿಂದ ಸಹಿ ಮಾಡಿಸಿಕೊಳ್ಳುವ ಫಾರಂ. ನನ್ನ ಸ್ವಂತ ಜವಾಬ್ದಾರಿಯ ಮೇಲೆ ಆಟಗಳಲ್ಲಿ ಭಾಗವಹಿಸುತ್ತಿದ್ದೇನೆ, ಏನಾದರೂ ಆದರೆ ಪಾರ್ಕ್ ಹೊಣೆಯಲ್ಲ ಅಂತ ಅದರಲ್ಲಿದೆ. ಎರಡು, ಕೆಲಸಕ್ಕೆ ಸೇರುವಾಗ ಹುಡುಗರಿಂದ ಸಹಿ ಮಾಡಿಸಿಕೊಂಡ ಹಾಳೆ. ನನಗೆ ವಹಿಸಿದ ಜಾಗದಲ್ಲಿ ಆಗುವ ಯಾವುದೇ ನಷ್ಟಕ್ಕೆ ನಾನೇ ಜವಾಬ್ದಾರ, ಅದನ್ನು ಸಂಬಳದಲ್ಲಿ ಹಿಡಿದುಕೊಳ್ಳಲು ಒಪ್ಪಿದ್ದೇನೆ ಅಂತ. ಹೊರಗಿನಿಂದ ಬಂದವರೂ ಜವಾಬ್ದಾರರು, ಕೆಳಗೆ ದುಡಿಯುವವರೂ ಜವಾಬ್ದಾರರು. ಮಧ್ಯದಲ್ಲಿ ಟಿಕೆಟ್ ದುಡ್ಡು ತಗೊಳ್ಳುವವರು ಯಾವುದಕ್ಕೆ ಜವಾಬ್ದಾರರು ಅಂತ ಹೇಳುವ ಕಾಗದ ಆ ಆಫೀಸಿನಲ್ಲಿ ಒಂದೂ ಇಲ್ಲ. ನಾಲ್ಕರ ಜಾಗದಲ್ಲಿ ಆರು ಗಾಡಿ ಬಿಡಿ ಅಂತ ಹೇಳಿದ್ದು ಯಾರು? ಅದನ್ನು ತೀರ್ಮಾನ ಮಾಡುವ ಅಧಿಕಾರ ಹುಡುಗನಿಗೆ ಇರಲಿಲ್ಲ. ಅಧಿಕಾರ ಮೇಲಿರೋದು, ನಷ್ಟ ಮಾತ್ರ ಕೆಳಗಿರೋದು. ಇದನ್ನು ನಾನು ಒಪ್ಪುವುದಿಲ್ಲ.

"ಅವನೇ ಸಹಿ ಹಾಕಿದ್ದಾನಲ್ವಾ ಮೇಡಂ" ಅಂದರು ಮ್ಯಾನೇಜರ್. ಇದು ಎಲ್ಲ ಕಡೆ ಕೇಳುವ ಮಾತು, ಆದ್ದರಿಂದ ಸ್ವಲ್ಪ ನಿಂತು ಹೇಳುತ್ತೇನೆ. 1982ರ ದೆಹಲಿ ಏಷ್ಯನ್ ಗೇಮ್ಸಿಗೆ ಸ್ಟೇಡಿಯಂ ಮುಂತಾದ ಕಟ್ಟಡ ಕಟ್ಟುತ್ತಿದ್ದ ಕೂಲಿಗಳ ಕೇಸು ಸುಪ್ರೀಂ ಕೋರ್ಟಿಗೆ ಹೋಗಿತ್ತು. ಅವರೂ ಒಪ್ಪಿಕೊಂಡೇ ಕೆಲಸಕ್ಕೆ ಬಂದಿದ್ದರು. ಹೊಟ್ಟೆಪಾಡಿಗೆ ಬೇರೆ ದಾರಿ ಇಲ್ಲದೆ ಕನಿಷ್ಠ ಕೂಲಿಗಿಂತ ಕಡಿಮೆಗೆ ಒಪ್ಪಿಕೊಂಡರೆ ಅದೂ ಬಲವಂತದ ದುಡಿಮೆಯೇ, ಸಂವಿಧಾನದ 23ನೇ ವಿಧಿಗೆ ವಿರುದ್ಧ ಅಂತ ಕೋರ್ಟ್ ಹೇಳಿತು. ಆ ಕೇಸು ಕನಿಷ್ಠ ಕೂಲಿಯದ್ದು, ನಮ್ಮದು ಕಡಿತದ್ದು. ಆದರೆ ಕಾನೂನು ಕೊಟ್ಟ ರಕ್ಷಣೆಯನ್ನು ಒಂದು ಸಹಿಯಲ್ಲಿ ಬಿಡಿಸಿಕೊಳ್ಳಲು ಆಗಲ್ಲ ಅನ್ನೋ ಮಾತು ಎರಡಕ್ಕೂ ಒಂದೇ.

ಕಾನೂನು ಏನು ಹೇಳುತ್ತೆ? ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಅದರಲ್ಲಿ 2019ರ ವೇತನ ಸಂಹಿತೆ ನಮಗೆ ಬೇಕಾದದ್ದು. ನೌಕರನ ಕೈಗೆ ಒಪ್ಪಿಸಿದ ವಸ್ತು ಹಾಳಾದರೆ ಸಂಬಳದಲ್ಲಿ ಹಿಡಿಯಬಹುದು, ಅದು ನಿಜ. ಆದರೆ ಆ ನಷ್ಟ ನೇರವಾಗಿ ಅವನ ಅಜಾಗರೂಕತೆಯಿಂದಲೇ ಆಗಿರಬೇಕು. ಹಿಡಿಯುವ ಮೊದಲು ಅವನ ಮಾತು ಕೇಳಬೇಕು. ನಷ್ಟ ಎಷ್ಟೋ ಅದಕ್ಕಿಂತ ಜಾಸ್ತಿ ಹಿಡಿಯುವ ಹಾಗಿಲ್ಲ. ಇಲ್ಲಿ ಮೂರೂ ಆಗಿಲ್ಲ. ಗುದ್ದಿದ್ದು ಪ್ರವಾಸಿ, ಆರು ಗಾಡಿ ಬಿಡಿಸಿದ್ದು ಮ್ಯಾನೇಜರ್, ಹುಡುಗನನ್ನು ಯಾರೂ ಕೇಳಲಿಲ್ಲ, ಬಿಲ್ ಇಲ್ಲ.

ಇನ್ನು ಲೇಟ್ ದಂಡ, ಒಂದು ಸಲಕ್ಕೆ 100 ರೂಪಾಯಿಯಂತೆ 600. ದಂಡ ಅನ್ನೋದು ಆ ತಿಂಗಳ ಸಂಬಳದ ಶೇಕಡ 3ನ್ನು ದಾಟುವ ಹಾಗಿಲ್ಲ. 13,000ಕ್ಕೆ ಅದು 390 ರೂಪಾಯಿ. ಈ ಶೇಕಡ 3ರ ಮಿತಿ 1936ರ ಹಳೇ ವೇತನ ಪಾವತಿ ಕಾಯ್ದೆಯಲ್ಲೂ ಇತ್ತು, ಹೊಸದೇನೂ ಅಲ್ಲ. ಜೊತೆಗೆ ಯಾವ ತಪ್ಪಿಗೆ ದಂಡ ಅಂತ ಸರ್ಕಾರದ ಒಪ್ಪಿಗೆ ಪಡೆದು ನೋಟಿಸ್ ಹಾಕಿರಬೇಕು, ದಂಡ ಹಾಕುವ ಮೊದಲು ಕೇಳಬೇಕು, ವಸೂಲಾದ ದುಡ್ಡನ್ನು ನೌಕರರ ಒಳಿತಿಗೇ ಖರ್ಚು ಮಾಡಬೇಕು. ಆ ಪಾರ್ಕಿನಲ್ಲಿ ದಂಡದ ದುಡ್ಡು ಎಲ್ಲಿ ಹೋಗುತ್ತೆ ಅಂತ ಕೇಳಿದ್ದಕ್ಕೆ ಮ್ಯಾನೇಜರ್ ಸುಮ್ಮನಾದರು.

ಲೇಟಿನ ವಿಷಯದಲ್ಲೇ ಇನ್ನೊಂದು ಕಣ್ಣಿಗೆ ಬಿತ್ತು. ಹುಡುಗ ಹಾಜರಿ ಪುಸ್ತಕದ ಒಂದು ಪುಟದ ಫೋಟೋ ತೆಗೆದಿದ್ದ. ಹೆಸರು, ದಿನ, ಬಂದ ಹೊತ್ತು, ಸಹಿ. ಹೋದ ಹೊತ್ತು ಬರೆಯಲು ಕಾಲಮ್ಮೇ ಇಲ್ಲ. ಬೆಳಿಗ್ಗೆ ಹತ್ತು ನಿಮಿಷ ತಡವಾದರೆ ಅದಕ್ಕೆ ದಾಖಲೆ ಇದೆ, 100 ರೂಪಾಯಿ ಇದೆ. ರಾತ್ರಿ ರೇನ್ ಡ್ಯಾನ್ಸ್ ಮುಗಿದು, ನೆಲ ತೊಳೆದು, ಹಾರ್ನೆಸ್‌ಗಳನ್ನು ಒಣಗಲು ನೇತುಹಾಕಿ ಒಂದೂವರೆ ಗಂಟೆ ಜಾಸ್ತಿ ನಿಂತರೆ ಅದಕ್ಕೆ ಪುಸ್ತಕದಲ್ಲಿ ಜಾಗವೇ ಇಲ್ಲ.

ವಾರದ ರಜೆ ಅವನಿಗೆ ಮಂಗಳವಾರ. ಡಿಸೆಂಬರಿನಲ್ಲಿ ಐದು ಮಂಗಳವಾರ ಬಂದಿತ್ತು. ರಜೆ ಸಿಕ್ಕಿದ್ದು 2ನೇ ತಾರೀಕು ಮಾತ್ರ. 9, 16, 23, 30 ನಾಲ್ಕೂ ದಿನ ಕೆಲಸ ಮಾಡಿದ. 26 ದಿನಕ್ಕೆ 13,000 ಅಂದರೆ ದಿನಕ್ಕೆ 500. ರಜೆ ದಿನ ದುಡಿಸಿದರೆ ಓವರ್‌ಟೈಮ್ ದರ, ಅಂದರೆ ಎರಡು ಪಟ್ಟು ಕೊಡಬೇಕು. ನಾಲ್ಕು ದಿನಕ್ಕೆ 4,000 ರೂಪಾಯಿ. ಕೊಟ್ಟಿದ್ದು ಸೊನ್ನೆ. "ಸೀಸನ್ ಮುಗಿದ ಮೇಲೆ ನೋಡೋಣ" ಅಂದಿದ್ದರಂತೆ.

ಈಗ ಟಿಕೆಟ್ ಕಡೆ ನೋಡಿ. ಆ ಪಾರ್ಕಿನ ಕಾಂಬೊ ಟಿಕೆಟ್ 900 ರೂಪಾಯಿ, ತೆರಿಗೆ ಸೇರಿ. ಇಂಥ ಪಾರ್ಕುಗಳಿಗೆ ಮೊದಲು ಶೇಕಡ 28 ಜಿಎಸ್‌ಟಿ ಇತ್ತು, 2018ರ ಜನವರಿ 25ರಿಂದ ಅದನ್ನು ಶೇಕಡ 18ಕ್ಕೆ ಇಳಿಸಿದರು. 900ರಲ್ಲಿ ತೆರಿಗೆ 137 ರೂಪಾಯಿ ಚಿಲ್ಲರೆ. ನಾಲ್ಕು ಟಿಕೆಟ್ ಮಾರಿದರೆ ಬರೀ ತೆರಿಗೆಯೇ 549 ರೂಪಾಯಿ, ಇವನ ಒಂದು ದಿನದ ಸಂಬಳಕ್ಕಿಂತ ಜಾಸ್ತಿ. ಸರ್ಕಾರದ ಪಾಲನ್ನು ತಿಂಗಳಿಗೆ ಸರಿಯಾಗಿ ಲೆಕ್ಕ ಹಾಕಿ ಕಟ್ಟುತ್ತಾರೆ, ತಡವಾದರೆ ಬಡ್ಡಿ ಬೀಳುತ್ತೆ ಅಂತ ಗೊತ್ತು. ಹುಡುಗನ ಪಾಲಿಗೆ ಮಾತ್ರ ಹರಿದ ಹಾಳೆ ಸಾಕು ಅಂತ ಯಾಕೆ ಅನ್ನಿಸುತ್ತೆ? ಸಂಬಳದ ಚೀಟಿ ಕೊಡೋದು ಕೂಡ ಕಾನೂನೇ.

ಮಾಲೀಕರ ಕಡೆಯ ಮಾತನ್ನೂ ಕೇಳಿದೆ, ಅದರಲ್ಲಿ ಸುಳ್ಳಿಲ್ಲದ್ದೂ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮಳೆಯಲ್ಲಿ ಪಾರ್ಕ್ ಹೆಚ್ಚು ಕಡಿಮೆ ಮುಚ್ಚಿದ ಹಾಗೆಯೇ. 2018ರ ಆಗಸ್ಟಿನ ಗುಡ್ಡ ಕುಸಿತದ ಮೇಲೆ ಕೊಡಗಿಗೆ ಜನ ಬರೋದೇ ನಿಂತಿತ್ತು, 2020ರಲ್ಲಿ ಕೋವಿಡ್. ಬ್ಯಾಂಕ್ ಕಂತು ಮಾತ್ರ ಯಾವ ಮಳೆಗೂ ನಿಲ್ಲಲಿಲ್ಲ. ಹುಡುಗರು ಸೀಸನ್ ನಡುವೆ ಹೇಳದೆ ಕೇಳದೆ ಬಿಟ್ಟು ಹೋಗುತ್ತಾರೆ, ಅದೂ ನಿಜ, ಆ ಶನಿವಾರ ಇಬ್ಬರು ಬಾರದೇ ಇದ್ದಿದ್ದಕ್ಕೇ ಇಷ್ಟೆಲ್ಲ ಆಗಿದ್ದು. ಕುಡಿದು ಬಂದವನನ್ನು ಜಿಪ್‌ಲೈನ್ ಮೇಲೆ ನಿಲ್ಲಿಸಬಾರದು, ಅದೇ ದಿನ ಮನೆಗೆ ಕಳಿಸಬೇಕು ಅಂತ ಅವರು ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಜೀವದ ವಿಷಯ ಅದು. ಆದರೆ ಮಳೆಗಾಲದ ನಷ್ಟವನ್ನು ಡಿಸೆಂಬರಿನಲ್ಲಿ ಹುಡುಗರ ಸಂಬಳದಿಂದ ತುಂಬಿಸಿಕೊಳ್ಳೋದು ಯಾವ ಲೆಕ್ಕ? ಲಾಭ ಬಂದ ತಿಂಗಳು ಅವರಿಗೆ ಪಾಲು ಕೊಟ್ಟಿದ್ದರೆ ಆ ಮಾತು ಬೇರೆ.

ಮ್ಯಾನೇಜರ್ ಹೇಳಿದ ಇನ್ನೊಂದು ಮಾತು: "ಸಂಬಳ ಸಾಲಲ್ಲ ಅಂತಾನೆ, ಬೈಕ್ ಇಎಂಐ ಕಟ್ಟೋಕೆ ಎಲ್ಲಿಂದ ಬರುತ್ತೆ?" ಕಂತು ತಿಂಗಳಿಗೆ 2,850. ಪೆಟ್ರೋಲಿಗೆ ಸುಮಾರು 1,500. ಎರಡೂ ಸೇರಿದರೆ ಸಂಬಳದ ಮೂರನೇ ಒಂದು ಭಾಗಕ್ಕೆ ಹತ್ತಿರ. ಹುಡುಗನ ಶೋಕಿ ಅಂತ ಮೇಲಿಂದ ನೋಡಿದವರಿಗೆ ಅನ್ನಿಸಬಹುದು. ಆದರೆ ಅವನ ಲೈನ್ ಮನೆ ಕಡೆ ಹೋಗುವ ಕೊನೆ ಬಸ್ಸು ಸಂಜೆಯೇ ಹೋಗಿಬಿಡುತ್ತೆ. ಡ್ಯೂಟಿ ಬಿಡೋದು ಏಳು ಗಂಟೆಗೆ, ರೇನ್ ಡ್ಯಾನ್ಸ್ ಇದ್ದರೆ ಎಂಟೂವರೆಗೆ. ಆ ಕತ್ತಲಲ್ಲಿ ತೋಟದ ದಾರಿಯಲ್ಲಿ ನಡೆದು ಹೋಗು ಅನ್ನೋಕಾಗುತ್ತಾ, ಆನೆ ಓಡಾಡುವ ಊರಲ್ಲಿ? ಪಾರ್ಕಿಗೆ ಒಂದು ಸ್ಟಾಫ್ ವ್ಯಾನ್ ಇಲ್ಲ. ಬೈಕ್ ಇಲ್ಲದಿದ್ದರೆ ಆ ಕೆಲಸವೇ ಮಾಡೋಕಾಗಲ್ಲ. ಕೆಲಸಕ್ಕೆ ಬೇಕಾದ ಖರ್ಚನ್ನು ಹುಡುಗ ಮಾಡುತ್ತಿದ್ದಾನೆ, ಅದನ್ನೇ ಅವನ ದುಂದು ಅಂತ ತೋರಿಸುತ್ತಿದ್ದಾರೆ.

ಹುಡುಗನದ್ದು ತಪ್ಪೇ ಇಲ್ಲ ಅಂತ ನಾನು ಹೇಳಲ್ಲ. ಸೇರುವಾಗ ಕಾಗದ ಓದದೆ ಸಹಿ ಹಾಕಿದ. ಅಡ್ವಾನ್ಸ್ 2,000 ತಗೊಂಡಿದ್ದು ಹೊಸ ಫೋನಿಗೆ, ಅದು ಕಟ್ ಆಗಿದ್ದು ಸರಿಯೇ, ಅವನೂ ಒಪ್ಪುತ್ತಾನೆ. ಜನವರಿಯಲ್ಲಿ ಎರಡು ದಿನ ಫೋನ್ ಸ್ವಿಚ್ ಆಫ್ ಮಾಡಿ ಹೋಗಲೇ ಇಲ್ಲ. ಸಿಟ್ಟಿಗೆ ಅಂತೆ. ಅದಕ್ಕೆ 1,000 ರೂಪಾಯಿ ಕಡಿತ ಆಯಿತು, ಬರದ ದಿನಕ್ಕೆ ಸಂಬಳ ಇಲ್ಲ ಅನ್ನೋದು ನ್ಯಾಯವೇ. ಅದನ್ನು ಅರ್ಜಿಯಲ್ಲಿ ಸೇರಿಸಬೇಡ ಅಂತ ಖಡಾಖಂಡಿತವಾಗಿ ಹೇಳಿದೆ. "ಅವ್ರು ಮಾಡಿದ್ದು ಸರಿನಾ ಅಕ್ಕ ಹಾಗಾದ್ರೆ?" ಅಂತ ಮುಖ ಸಣ್ಣಗೆ ಮಾಡಿಕೊಂಡ. ಆ 1,000ದ ಮಟ್ಟಿಗೆ ಸರಿ ಅಂದೆ. ನಿನ್ನ ಜಾಗಕ್ಕೆ ಆ ಎರಡು ದಿನ ಬೆಲ್ಟ್ ನೋಡೋಕೆ ಯಾರನ್ನು ನಿಲ್ಲಿಸಿದ್ದರು ಅಂತ ಕೇಳಿದೆ. ಪಾರ್ಕಿಂಗ್ ಹುಡುಗನನ್ನ ಅಂದ, ಅಂದವನೇ ತಲೆ ತಗ್ಗಿಸಿದ.

ಮೊದಲು ಜಗಳ ಬೇಡ ಅಂತ ಒಂದು ಪತ್ರ ಬರೆದೆವು. ಕೆಲಸ ಬಿಡಿಸಿಬಿಟ್ಟರೆ ಅನ್ನೋ ಭಯ ಅಮ್ಮನಿಗೆ. "ಸಾಹುಕಾರ್ರನ್ನ ಎದುರು ಹಾಕ್ಕೊಂಡು ಬದುಕೋಕಾಗುತ್ತಾ" ಅಂತ ಮತ್ತೆ ಮತ್ತೆ ಕೇಳಿದರು. ಪತ್ರದಲ್ಲಿ ಬೈಗುಳ ಇಲ್ಲ, ಬೇಡಿಕೆಯೂ ಇಲ್ಲ, ಬರೀ ಪ್ರಶ್ನೆ: ಎಟಿವಿ ರಿಪೇರಿ ಬಿಲ್ಲಿನ ಪ್ರತಿ ಕೊಡಿ, ನನ್ನ ಅಜಾಗರೂಕತೆ ಏನು ಅಂತ ಬರೆದು ತಿಳಿಸಿ, ನಾಲ್ಕು ಮಂಗಳವಾರದ ಲೆಕ್ಕ ಕೊಡಿ, ಸಂಬಳದ ಚೀಟಿ ಕೊಡಿ. ಜೊತೆಗೆ ಆರಾರು ಬಿಡಿ ಅನ್ನೋ ಆ ವಾಟ್ಸಾಪ್ ಮೆಸೇಜಿನ ಪ್ರಿಂಟ್ ಇಟ್ಟೆವು. ಸ್ವೀಕರಿಸಿದ್ದಕ್ಕೆ ಇನ್ನೊಂದು ಪ್ರತಿಯ ಮೇಲೆ ಸೀಲ್ ಹಾಕಿಸಿಕೊಂಡು ಬಾ ಅಂದೆ. ಸೀಲ್ ಹಾಕಲಿಲ್ಲ, ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದೆವು.

ಫಲ ಸಿಕ್ಕಿತು, ಅರ್ಧ. ಫೆಬ್ರವರಿಯಲ್ಲಿ ಎಟಿವಿಯ 2,500 ವಾಪಸ್ ಕೊಟ್ಟರು, ಉಳಿದ 5,000 ಹಿಡಿಯಲ್ಲ ಅಂದರು. ನಾಲ್ಕು ಮಂಗಳವಾರಕ್ಕೆ ಎರಡು ದಿನದ ಒಂಟಿ ಸಂಬಳ, 1,000 ರೂಪಾಯಿ ಕೊಟ್ಟರು. ಲೇಟ್ ದಂಡ, ಟೀ-ಶರ್ಟ್ ದುಡ್ಡು ಕೊಡಲಿಲ್ಲ. ಬೆನ್ನ ಮೇಲೆ ಪಾರ್ಕಿನ ಹೆಸರು ಅಚ್ಚಾಗಿರುವ ಟೀ-ಶರ್ಟ್ ಅದು, ಮನೆಯಲ್ಲಿ ಹಾಕಿಕೊಳ್ಳೋಕಾ ತಗೊಂಡಿದ್ದು? ಮಾರನೇ ವಾರ ಅವನನ್ನು ಜಿಪ್‌ಲೈನಿನಿಂದ ತೆಗೆದು ಪಾರ್ಕಿಂಗಿಗೆ ಹಾಕಿದರು. ಬಾಯಲ್ಲಿ ಯಾರೂ ಏನೂ ಹೇಳಲಿಲ್ಲ. ನನಗೆ ದುಡ್ಡಿಗಿಂತ ಜಾಸ್ತಿ ಬೇಜಾರಾಗಿದ್ದು ಇದಕ್ಕೆ. ಆ ಪಾರ್ಕಿನಲ್ಲಿ ಬೆಲ್ಟಿನೊಳಗೆ ಬೆರಳು ತೂರಿಸಿ ನೋಡುವವನನ್ನೇ ತೆಗೆದು, ಬಿಸಿಲಲ್ಲಿ ಕಾರು ಹಿಂದೆ ತಗೊಳ್ಳಿ ಮುಂದೆ ತಗೊಳ್ಳಿ ಅನ್ನೋಕೆ ನಿಲ್ಲಿಸಿದರು.

ಅದಾದ ಮೇಲೆ ಅಮ್ಮನೇ ಹೇಳಿದರು, ಅರ್ಜಿ ಹಾಕಿ ಅಂತ. ಕಾರ್ಮಿಕ ಇಲಾಖೆಗೆ ಕೊಟ್ಟಿದ್ದೇವೆ. ಕೇಳಿರೋದು ರಜೆ ದಿನದ ಬಾಕಿ 3,000, ಕೇಳದೆ ಹಾಕಿದ ದಂಡ 600, ಟೀ-ಶರ್ಟ್ 450, ಒಟ್ಟು 4,050 ರೂಪಾಯಿ. ಸಣ್ಣ ಮೊತ್ತಕ್ಕೆ ಯಾಕಿಷ್ಟು ಅಂತ ಕೇಳಿದವರಿದ್ದಾರೆ. ಆ ಮನೆಯಲ್ಲಿ ಅದು ಒಂದು ತಿಂಗಳ ರೇಷನ್, ಗ್ಯಾಸ್, ಕರೆಂಟು ಎಲ್ಲ ಸೇರಿ. ಮತ್ತೆ ಅಲ್ಲಿ ಹೀಗೆ ಹಾಳೆ ತಗೊಂಡು ಮನೆಗೆ ಹೋಗುವವನು ಇವನೊಬ್ಬನೇ ಅಲ್ಲ.

ಹೊಸ ಸಂಹಿತೆಯಲ್ಲಿ ನೌಕರರ ಪರವಾಗಿ ಎರಡು ವಿಷಯ ಇವೆ, ಇಂಥ ಕೆಲಸದಲ್ಲಿ ಇರುವವರು ತಿಳಿದಿರಬೇಕು. ಸಂಬಳದ ಬಾಕಿ ಕೇಳಲು ಈಗ ಮೂರು ವರ್ಷ ಟೈಮ್ ಇದೆ. ಮೊದಲು ಕನಿಷ್ಠ ವೇತನ ಕಾಯ್ದೆಯಲ್ಲಿ ಆರು ತಿಂಗಳು, ವೇತನ ಪಾವತಿ ಕಾಯ್ದೆಯಲ್ಲಿ ಹನ್ನೆರಡು ತಿಂಗಳು ಅಷ್ಟೇ ಇತ್ತು. ಇನ್ನೊಂದು, ಸಂಬಳ ಕೊಟ್ಟಿಲ್ಲ ಅಂತ ದೂರು ಹೋದರೆ, ಕೊಟ್ಟಿದ್ದೇವೆ ಅಂತ ಸಾಬೀತು ಮಾಡುವ ಹೊಣೆ ಮಾಲೀಕರದ್ದು. ಹಾಜರಿ ಪುಸ್ತಕದಲ್ಲಿ ಹೋದ ಹೊತ್ತಿನ ಕಾಲಮ್ ಯಾಕಿಲ್ಲ ಅನ್ನೋದಕ್ಕೆ ಈಗ ಅವರೇ ಉತ್ತರ ಹೇಳಬೇಕು.

ಹಾಜರಿ ಪುಸ್ತಕ, ಸಂಬಳದ ರಿಜಿಸ್ಟರ್ ಎರಡನ್ನೂ ತರಿಸಿ ಅಂತ ಅರ್ಜಿಯಲ್ಲೇ ಬರೆದಿದ್ದೇವೆ. ವಿಚಾರಣೆ ಇನ್ನೂ ಆಗಬೇಕು. ಹುಡುಗ ಕೆಲಸ ಬಿಟ್ಟಿಲ್ಲ. ಜಿಪ್‌ಲೈನಿಗೆ ವಾಪಸ್ ಹಾಕಿ ಅಂತ ಬೇರೆಯಾಗಿ ಒಂದು ಪತ್ರ ಕೊಟ್ಟಿದ್ದಾನೆ, ಅದಕ್ಕೆ ನಾನು ಒಂದು ಅಕ್ಷರವೂ ಸಹಾಯ ಮಾಡಿಲ್ಲ, ಅವನೇ ಬರೆದಿದ್ದು.